ಇಂಟರ್ನೆಟ್ ಮನೆಗೆ ಬಂತು ಸರಿ, ಯಾವ ಕೋಣೆಗೆ?

ತಿಪಟೂರಿನ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದು ಮೂರು ವರ್ಷ ಆಯ್ತು. 100 ಎಂಬಿಪಿಎಸ್ ಪ್ಲಾನ್. ಹಾಲ್‌ನಲ್ಲಿ ಟಿವಿ ಪಕ್ಕ ಕೂತು ಸ್ಪೀಡ್ ಟೆಸ್ಟ್ ಮಾಡಿದರೆ 90ರ ಮೇಲೆ ತೋರಿಸುತ್ತೆ. ಅದೇ ಫೋನ್ ಹಿಡ್ಕೊಂಡು ನಡುಮನೆ ದಾಟಿ, ದೇವರ ಮನೆ ದಾಟಿ, ಅಡುಗೆಮನೆಯ ಹಿಂದಿನ ಕೋಣೆಗೆ ಹೋದರೆ 3. ಒಮ್ಮೊಮ್ಮೆ ಸೊನ್ನೆ. ಆ ಹಿಂದಿನ ಕೋಣೆ ನನ್ನ ತಂಗಿಯದು.

ಕಳೆದ ವರ್ಷ ಅವಳು ಅದೇ ಕೋಣೆಯಲ್ಲಿ ಕೂತು ಕೆಲಸಕ್ಕಾಗಿ ಒಂದು ಆನ್‌ಲೈನ್ ಪರೀಕ್ಷೆ ಬರೆದಳು. ಕ್ಯಾಮೆರಾ ಪೂರ್ತಿ ಹೊತ್ತು ಆನ್ ಇರಬೇಕು, ಕೋಣೆಯಲ್ಲಿ ಬೇರೆ ಯಾರೂ ಇರಬಾರದು ಅನ್ನೋ ಥರದ್ದು. ನಲವತ್ತು ನಿಮಿಷ ಆದ ಮೇಲೆ ವಿಡಿಯೊ ಕಟ್ ಆಯ್ತು. ಮತ್ತೆ ಕನೆಕ್ಟ್ ಆಗೋ ಹೊತ್ತಿಗೆ ಪರೀಕ್ಷೆ ಮುಗಿದಿತ್ತು, ಅವಳೇ ಎದ್ದು ಹೋಗಿದ್ದಾಳೆ ಅಂತ ದಾಖಲಾಗಿತ್ತು. ಮೂರು ಮೇಲ್ ಹಾಕಿದಳು. ಉತ್ತರ ಬರಲಿಲ್ಲ.

ನಾನು ಬೆಂಗಳೂರಿಂದ ಫೋನಲ್ಲಿ ಕೇಳಿದೆ, "ಹಾಲಲ್ಲೇ ಕೂತ್ಕೊಂಡು ಬರೀಬಹುದಿತ್ತಲ್ಲ?" ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: "ಅಣ್ಣ, ಮೂರು ಗಂಟೆ ಯಾರೂ ಹಾಲಿಗೆ ಬರಬೇಡಿ ಅಂತ ಈ ಮನೇಲಿ ಯಾರು ಹೇಳ್ಬಹುದು? ನೀನು ಹೇಳ್ಬಹುದು, ಅಪ್ಪ ಹೇಳ್ಬಹುದು."

ಈ ಬರಹ ಅರ್ಧ ಕೈಪಿಡಿ, ಅರ್ಧ ತಕರಾರು. ಮನೆಯ ಒಂದು ಮೂಲೆಗೆ ಬಂದಿರುವ ಇಂಟರ್ನೆಟ್ಟನ್ನು ವೈರ್ ಎಳೆದು ಬೇರೆ ಕೋಣೆಗಳಿಗೆ ಮುಟ್ಟಿಸೋದು ಹೇಗೆ ಅನ್ನೋದು ಕೈಪಿಡಿ. ಅದು ಇಷ್ಟು ಸುಲಭ ಇದ್ದರೂ ನಾವು ಯಾಕೆ ಮಾಡಿರಲಿಲ್ಲ ಅನ್ನೋದು ತಕರಾರು.

ಸರ್ಕಾರದ ಲೆಕ್ಕದಲ್ಲಿ ನಮ್ಮದು ಇಂಟರ್ನೆಟ್ ಇರುವ ಮನೆ. 2023ರ ಜನವರಿಯಿಂದ ಭಾರತದಲ್ಲಿ ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ವೇಗ ಇದ್ದರೆ ಅದು ಬ್ರಾಡ್‌ಬ್ಯಾಂಡ್. ಅದಕ್ಕೂ ಮುಂಚೆ 512 ಕೆಬಿಪಿಎಸ್ ಇದ್ದರೆ ಸಾಕಿತ್ತು. ಹಾಗೆ ನೋಡಿದರೆ ತಂಗಿ ಕೋಣೆಯ 3 ಕೂಡ ಬ್ರಾಡ್‌ಬ್ಯಾಂಡೇ! ಆದರೆ ಆ ಲೆಕ್ಕ ಇರೋದು ಕನೆಕ್ಷನ್‌ಗೆ, ಕೋಣೆಗಲ್ಲ. ಮನೆಯೊಳಗೆ ಏನಾಗುತ್ತೆ ಅನ್ನೋದರ ಸುಳಿವು ಬೇರೆ ಕಡೆ ಸಿಗುತ್ತೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಇಂಟರ್ನೆಟ್ ಬಳಸಿದ್ದೇವೆ ಅಂದ ಗಂಡಸರು ಶೇ. 57, ಹೆಂಗಸರು ಶೇ. 33. ಇವರೆಲ್ಲ ಬೇರೆ ಬೇರೆ ಊರಲ್ಲಿಲ್ಲ. ಬಹಳ ಸಲ ಒಂದೇ ಸೂರಿನ ಕೆಳಗಿರುವವರು.

ಗೋಡೆ ಮಾಡೋ ಕೆಲಸ

ಮೊದಲು, ವೈಫೈ ಯಾಕೆ ಸೋಲುತ್ತೆ? ಮನೆಯ ಮಾಡೆಮ್ ಸಾಮಾನ್ಯವಾಗಿ ಎರಡು ಬ್ಯಾಂಡ್‌ಗಳಲ್ಲಿ ಸಿಗ್ನಲ್ ಕಳಿಸುತ್ತೆ, 2.4 ಗಿಗಾಹರ್ಟ್ಜ್ ಮತ್ತು 5 ಗಿಗಾಹರ್ಟ್ಜ್. ಐದರದ್ದು ವೇಗ ಜಾಸ್ತಿ, ಗೋಡೆ ದಾಟೋ ತಾಕತ್ತು ಕಮ್ಮಿ. ಎರಡೂವರೆ ಹತ್ತಿರದ್ದು ದೂರ ಹೋಗುತ್ತೆ, ಆದರೆ ಅಕ್ಕಪಕ್ಕದ ಮನೆಗಳ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ನೂಕಾಡ್ತವೆ. ಜಾಹೀರಾತಿನ ಮನೆಗಳಲ್ಲಿ ಗೋಡೆ ಅಂದರೆ ತೆಳು ಹಲಗೆ. ನಮ್ಮ ಕಡೆ ಗೋಡೆ ಅಂದರೆ ಗೋಡೆ. ನಮ್ಮ ಮನೆಯ ಮುಂಭಾಗ ತಾತನ ಕಾಲದ್ದು, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಮಂಗಳೂರು ಹೆಂಚು. ಹಿಂಭಾಗ ಆಮೇಲೆ ಸೇರಿಸಿದ ಆರ್‌ಸಿಸಿ. ನಡುವೆ ಒಂದು ಕಬ್ಬಿಣದ ಬೀರು, ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ. ಲೋಹಕ್ಕೆ ಬಡಿದ ರೇಡಿಯೊ ಅಲೆ ವಾಪಸ್ ಬರುತ್ತೆ, ಮುಂದೆ ಹೋಗಲ್ಲ. ಆ ಬೀರು ಇರೋದು ಸರಿಯಾಗಿ ತಂಗಿ ಕೋಣೆಯ ದಾರಿಯಲ್ಲಿ.

ಎಲ್ಲರೂ ಮೊದಲು ಕೊಡೋ ಸಲಹೆ "ಒಂದು ಎಕ್ಸ್‌ಟೆಂಡರ್ ಹಾಕು". ನಾನೂ ಕೊಟ್ಟಿದ್ದೆ, ತಂದು ಹಾಕಿಯೂ ಇದ್ದೆ. ಅಗ್ಗದ ಎಕ್ಸ್‌ಟೆಂಡರ್‌ಗೆ ಇರೋದು ಒಂದೇ ಬಾಯಿ ಒಂದೇ ಕಿವಿ. ಮಾಡೆಮ್ ಹೇಳಿದ್ದನ್ನು ಕೇಳಿಸಿಕೊಂಡು ಅದನ್ನೇ ಮತ್ತೆ ಲ್ಯಾಪ್‌ಟಾಪ್‌ಗೆ ಹೇಳಬೇಕು. ಹಾಗಾಗಿ ವೇಗ ಹೆಚ್ಚುಕಮ್ಮಿ ಅರ್ಧ ಆಗುತ್ತೆ. ಅದಕ್ಕೆ ಬಂದು ಮುಟ್ಟೋ ಸಿಗ್ನಲ್ಲೇ ದುರ್ಬಲ ಆಗಿದ್ದರೆ ಆ ದುರ್ಬಲದಲ್ಲಿ ಅರ್ಧ. ಫೋನಲ್ಲಿ ವೈಫೈ ಕಡ್ಡಿಗಳು ಪೂರ್ತಿ ಕಾಣ್ತವೆ, ಪೇಜ್ ಮಾತ್ರ ತೆರೆಯಲ್ಲ. ಮೆಶ್ ಅಂತ ಮಾರುವ ಎರಡು-ಮೂರು ಡಬ್ಬಿಗಳ ಸೆಟ್ ಇದಕ್ಕಿಂತ ಎಷ್ಟೋ ಮೇಲು, ಆದರೆ ಅವು ತಮ್ಮ ನಡುವೆ ಗಾಳಿಯಲ್ಲೇ ಮಾತಾಡುವಾಗ ಮಣ್ಣಿನ ಗೋಡೆ ಅವಕ್ಕೂ ಮಣ್ಣಿನ ಗೋಡೆಯೇ.

ಕರೆಂಟ್ ವೈರ್ ಮೇಲೇ ಇಂಟರ್ನೆಟ್ ಕಳಿಸುವ ಪವರ್‌ಲೈನ್ ಅಡಾಪ್ಟರ್ ಅಂತ ಒಂದಿದೆ. ಎರಡು ಪ್ಲಗ್‌ಗಳೂ ಒಂದೇ ಫೇಸ್‌ನಲ್ಲಿದ್ದು, ವೈರಿಂಗ್ ಹೊಸದಾಗಿದ್ದರೆ ಕೆಲಸ ಮಾಡುತ್ತೆ. ನಡುವೆ ಇನ್ವರ್ಟರ್ ಬಂದರೆ, ಸ್ಪೈಕ್ ಗಾರ್ಡ್ ಬಂದರೆ, ಮುಂಭಾಗ ಒಂದು ಫೇಸ್ ಹಿಂಭಾಗ ಇನ್ನೊಂದು ಫೇಸ್ ಆಗಿದ್ದರೆ ಕೈಕೊಡುತ್ತೆ. ಮಿಕ್ಸಿ ಮೋಟರ್ ತಿರುಗಿದಾಗ ವೈರಲ್ಲಿ ಗಲಾಟೆ ಏಳುತ್ತಲ್ಲ, ಅದಕ್ಕೂ ಇದು ತತ್ತರಿಸುತ್ತೆ. ಅಮ್ಮ ಚಟ್ನಿ ರುಬ್ಬೋ ಹೊತ್ತು ನೋಡ್ಕೊಂಡು ಇಂಟರ್‌ವ್ಯೂ ಇಟ್ಕೊಳ್ಳೋಕಾಗಲ್ಲ. ನಾನು ಇದರ ತಂಟೆಗೆ ಹೋಗಲಿಲ್ಲ.

ತಂಗಿ ಕೊನೆಗೆ ಹೇಳಿದಳು: "ನಂಗೆ ಈ ಡಬ್ಬಿ ಎಲ್ಲ ಬೇಡ. ಒಂದು ವೈರ್ ಹಾಕ್ಕೊಡು."

ಯಾವ ವೈರ್?

ನಾನು ಓದಿದ್ದು ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಶನ್. ವಿಟಿಯು ಪರೀಕ್ಷೆಯಲ್ಲಿ ಈಥರ್ನೆಟ್ ಬಗ್ಗೆ ಹತ್ತು ಅಂಕದ ಉತ್ತರ ಬರೆದಿದ್ದೇನೆ. ಕೇಬಲ್ ಒಂದನ್ನೂ ಕೈಯಲ್ಲಿ ಮುಟ್ಟಿರಲಿಲ್ಲ. ಆದ್ದರಿಂದ ನಾನು ಕಲಿತ ಕ್ರಮದಲ್ಲೇ ಹೇಳ್ತೀನಿ.

ಈಥರ್ನೆಟ್ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ. ಇವತ್ತು ನಾವು ಲ್ಯಾನ್ ಕೇಬಲ್ ಅನ್ನೋದರ ಒಳಗೆ ಎಂಟು ತಾಮ್ರದ ತಂತಿಗಳಿವೆ, ಎರಡೆರಡು ಹೆಣೆದು ನಾಲ್ಕು ಜೋಡಿ. ಈ ಹೆಣೆಯೋ ಉಪಾಯ ಈಥರ್ನೆಟ್‌ಗಿಂತಲೂ ಹಳೇದು, ಗ್ರಹಾಂ ಬೆಲ್ 1881ರಲ್ಲಿ ಟೆಲಿಫೋನಿಗಾಗಿ ಪೇಟೆಂಟ್ ಮಾಡಿಸಿದ್ದು. ಜೋಡಿಯ ಒಂದು ತಂತಿಯಲ್ಲಿ ಹೋಗುವ ಸಿಗ್ನಲ್‌ನ ತದ್ವಿರುದ್ಧ ಇನ್ನೊಂದರಲ್ಲಿ ಹೋಗುತ್ತೆ. ಹೊರಗಿನ ಗದ್ದಲ ಎರಡಕ್ಕೂ ಒಂದೇ ಸಮ ತಗಲುತ್ತೆ. ಆ ತುದಿಯಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಹೋಗಿ ಸಿಗ್ನಲ್ ಉಳಿಯುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದನ್ನು ಮರೆತು ನಾನು ಒಂದು ದಿನ ಹಾಳು ಮಾಡಿಕೊಂಡಿದ್ದೇನೆ.

ಮನೆಗೆ ಕ್ಯಾಟ್ 6 ಕೇಬಲ್ ತಗೊಳ್ಳಿ. ಕ್ಯಾಟ್ 5ಇ ಕೂಡ 100 ಮೀಟರ್‌ವರೆಗೆ 1 ಗಿಗಾಬಿಟ್ ವೇಗ ಕೊಡುತ್ತೆ. ಈಗಾಗಲೇ ಮನೇಲಿ ಅದು ಎಳೆದಿದ್ದರೆ ಕೀಳಬೇಡಿ. ಹೊಸದಾಗಿ ಎಳೆಯೋದಾದರೆ ಬೆಲೆ ವ್ಯತ್ಯಾಸ ಸಣ್ಣದು, ಕ್ಯಾಟ್ 6 ಹಾಕಿ ಮರೆತುಬಿಡಬಹುದು. ಆನ್‌ಲೈನಲ್ಲಿ ಕ್ಯಾಟ್ 8 ಅಂತ ಹೊಳೆಯೋ ಹೆಣಿಗೆಯ ಕೇಬಲ್ ಮಾರ್ತಾರೆ. ಅದು ಡೇಟಾ ಸೆಂಟರ್‌ಗಳಿಗಾಗಿ ರೂಪಿಸಿದ್ದು, ನಿಮ್ಮ 100 ಎಂಬಿಪಿಎಸ್ ಪ್ಲಾನು ಅದರಿಂದ 101 ಆಗಲ್ಲ.

ಕೇಬಲ್ ಕೊಳ್ಳುವಾಗ ಮೋಸ ಇರೋದು ಬೇರೆ ಕಡೆ. ಅಗ್ಗದ ಕೇಬಲ್‌ಗಳಲ್ಲಿ ತಂತಿ ಪೂರ್ತಿ ತಾಮ್ರ ಅಲ್ಲ. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಪೆಟ್ಟಿಗೆ ಮೇಲೆ ಸಣ್ಣದಾಗಿ ಸಿಸಿಎ ಅಂತ ಬರೆದಿರುತ್ತೆ, ಬರೆಯದೇ ಇರೋದೂ ಉಂಟು. ಬ್ಲೇಡಿನಿಂದ ತಂತಿಯನ್ನು ಕೆರೆದು ನೋಡಿ: ಒಳಗೆ ಬೆಳ್ಳಗೆ ಕಂಡರೆ ವಾಪಸ್ ಕೊಡಿ. ಅಲ್ಯೂಮಿನಿಯಂ ಎರಡು-ಮೂರು ಸಲ ಬಾಗಿಸಿದರೆ ತುಂಡಾಗುತ್ತೆ, ಗೋಡೆಯೊಳಗೆ ಹೋದ ಮೇಲೆ ತುಂಡಾದರೆ ಹುಡುಕೋರು ಯಾರು? ನಾನು ಬೆಂಗಳೂರಿನ ಎಸ್‌.ಪಿ. ರೋಡಲ್ಲಿ ಅಂಗಡಿಯವರ ಎದುರಿಗೇ ಕೆರೆದು ನೋಡಿ 30 ಮೀಟರ್ ತಂದೆ. ಅವರು ಬೇಜಾರು ಮಾಡ್ಕೊಳ್ಳಲಿಲ್ಲ. "ಎಲ್ರೂ ಹಿಂಗೇ ನೋಡಿ ತಗೊಂಡ್ರೆ ನಮ್ಗೂ ತಲೆನೋವಿಲ್ಲ" ಅಂದರು.

ದೇವರ ಮನೆ ದಾಟೋದು

ಹಾಲಿಂದ ಹಿಂದಿನ ಕೋಣೆಗೆ ನೇರ ದಾರಿ ಅಂದರೆ ದೇವರ ಮನೆಯ ಗೋಡೆ. ಒಂದು ತೂತು ಕೊರೆದಿದ್ದರೆ 12 ಮೀಟರ್‌ನಲ್ಲಿ ಕೆಲಸ ಮುಗೀತಿತ್ತು. ಅಮ್ಮ ಒಪ್ಪಲಿಲ್ಲ. "ಅಲ್ಲಿ ಮಾತ್ರ ಡ್ರಿಲ್ಲು ಗಿಲ್ಲು ತರಬೇಡ" ಅಂದರು. ವಾದ ಮಾಡೋಕೆ ಹೋಗಲಿಲ್ಲ, ಮಾಡಿದ್ದರೂ ಗೆಲ್ತಿರಲಿಲ್ಲ. ಅಳತೆ ಟೇಪ್ ಹಿಡಿದು ಅಟ್ಟ ಹತ್ತಿದೆ. ಹೆಂಚಿನ ಕೆಳಗೆ, ತೊಲೆಯ ಪಕ್ಕದಲ್ಲಿ ಹೋಗಿ, ಆರ್‌ಸಿಸಿ ಸೇರುವ ಕಡೆ ಇಳಿದರೆ 22 ಮೀಟರ್. 100 ಮೀಟರ್ ಮಿತಿಯೊಳಗೆ 12 ಆದರೇನು, 22 ಆದರೇನು? ವೇಗದಲ್ಲಿ ವ್ಯತ್ಯಾಸ ಇಲ್ಲ. ತಾಮ್ರದ ದೊಡ್ಡ ಅನುಕೂಲ ಇದೇ, ಸುತ್ತು ಹಾಕಿಕೊಂಡು ಹೋದರೂ ಸೊರಗಲ್ಲ.

ದಾರಿ ಹುಡುಕುವಾಗ ನೋಡಬೇಕಾದ್ದು ಮೂರ್ನಾಲ್ಕು ವಿಷಯ. 230 ವೋಲ್ಟ್ ವೈರ್ ಇರೋ ಪೈಪಿನೊಳಗೆ ಲ್ಯಾನ್ ಕೇಬಲ್ ತೂರಿಸಬೇಡಿ. ಸಿಗ್ನಲ್ ಕೆಡುತ್ತೆ ಅನ್ನೋದು ಆಮೇಲಿನ ಮಾತು, ಮೊದಲನೇದು ಜೀವದ ಪ್ರಶ್ನೆ; ಕರೆಂಟ್ ವೈರಿನ ಹೊದಿಕೆ ಹರಿದು ಇದಕ್ಕೆ ತಗುಲಿದರೆ ಆ ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದಿರೋರು ಯಾರೋ ಇರ್ತಾರೆ. ಪಕ್ಕಪಕ್ಕ ಹೋಗಲೇಬೇಕಾದರೆ ಒಂದಡಿ ಅಂತರ ಬಿಡಿ, ಅಡ್ಡ ದಾಟೋದಾದರೆ ನೇರ ಅಡ್ಡಡ್ಡ ದಾಟಿಸಿ. ಮೂಲೆಗಳಲ್ಲಿ ಕೇಬಲ್ಲನ್ನು ಚೂಪಾಗಿ ಮಡಚಬೇಡಿ, ಬಳೆಯ ಥರ ತಿರುಗಿಸಿ. ಮೊಳೆ ಹೊಡೆಯುವ ಕ್ಲಿಪ್ಪು ಕೇಬಲನ್ನು ಅದುಮಬಾರದು.

ಇನ್ನು ಇಲಿ. ಹೆಂಚಿನ ಮನೆ, ತೆಂಗಿನಕಾಯಿ ಕೊಬ್ಬರಿ ಇಡೋ ಅಟ್ಟ. ನಮ್ಮೂರಲ್ಲಿ ಇಲಿ ಇಲ್ಲದ ಅಟ್ಟ ಇಲ್ಲ. ಅಟ್ಟದ ಉದ್ದಕ್ಕೂ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಹಾಕಿ ಅದರೊಳಗೆ ಕೇಬಲ್ ಎಳೆದೆ. ಪೈಪಿನೊಳಗೆ ಒಂದು ದಾರ ಬಿಟ್ಟಿದ್ದೇನೆ, ಮುಂದೆ ಇನ್ನೊಂದು ಕೇಬಲ್ ಬೇಕಾದರೆ ಅದಕ್ಕೆ ಕಟ್ಟಿ ಎಳೆದರಾಯ್ತು. ಕೋಣೆಯೊಳಗೆ ಕಾಣುವ ಭಾಗಕ್ಕೆ ಕೇಸಿಂಗ್ ಪಟ್ಟಿ. ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತೆ, ಬಣ್ಣ ಹೊಡೆದರೆ ಗೋಡೆಯಲ್ಲಿ ಬೆರೆತುಹೋಗುತ್ತೆ.

ಹೊರಗಿನಿಂದ ಎಳೆಯೋದಾದರೆ ಬಿಸಿಲು ತಡೆಯುವ ಕಪ್ಪು ಹೊದಿಕೆಯ ಔಟ್‌ಡೋರ್ ಕೇಬಲ್ಲೇ ಬೇಕು. ಮನೆಯಿಂದ ಕೊಟ್ಟಿಗೆಗೋ, ಎದುರಿನ ಚಿಕ್ಕಪ್ಪನ ಮನೆಗೋ ಅಂಗಳ ದಾಟಿಸೋದಾದರೆ ತಾಮ್ರ ಬೇಡವೇ ಬೇಡ, ಫೈಬರ್ ಹಾಕಿಸಿ. ಏಪ್ರಿಲ್-ಮೇ ತಿಂಗಳ ಸಿಡಿಲು ಗೊತ್ತಲ್ಲ? ಸಿಡಿಲು ನೇರ ಬಡಿಯಬೇಕಂತಿಲ್ಲ, ಹತ್ತಿರದಲ್ಲಿ ಬಿದ್ದರೂ ಉದ್ದ ತಾಮ್ರದಲ್ಲಿ ಹುಟ್ಟುವ ವೋಲ್ಟೇಜ್ ಎರಡೂ ತುದಿಯ ಪೋರ್ಟ್ ಸುಡುತ್ತೆ. ಗಾಜಿನ ಎಳೆಗೆ ಆ ಭಯ ಇಲ್ಲ.

ಎಂಟು ಬಣ್ಣ, ಒಂದು ದಿನ

ಕೇಬಲ್ ತುದಿಗೆ ಆರ್‌ಜೆ45 ಪ್ಲಗ್ ಹಾಕೋದನ್ನು ಕ್ರಿಂಪಿಂಗ್ ಅಂತಾರೆ. ಅದಕ್ಕೊಂದು ಇಕ್ಕಳ, ಪರೀಕ್ಷಿಸೋಕೆ ಒಂದು ಸಣ್ಣ ಟೆಸ್ಟರ್. ಎಂಟೂ ತಂತಿ ಎರಡೂ ತುದಿಯಲ್ಲಿ ಒಂದೇ ಕ್ರಮದಲ್ಲಿರಬೇಕು ಅಂತ ನಂಗೆ ಗೊತ್ತಿತ್ತು. ಸರಿ, ನನ್ನ ಬುದ್ಧಿಗೆ ಚೆಂದ ಕಂಡ ಹಾಗೆ ಜೋಡಿ ಜೋಡಿಯಾಗಿ ಇಟ್ಟೆ: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ಹಸಿರು, ಬಿಳಿ-ನೀಲಿ, ನೀಲಿ, ಬಿಳಿ-ಕಂದು, ಕಂದು. ಟೆಸ್ಟರ್ ಹಾಕಿದೆ. ಒಂದರಿಂದ ಎಂಟರವರೆಗೆ ದೀಪ ಸಾಲಾಗಿ ಹತ್ತಿದವು. ತಂಗಿಗೆ "ಆಯ್ತು ನೋಡು" ಅಂದೆ.

ಆಗಿರಲಿಲ್ಲ. ಲಿಂಕ್ ಬರೋದು, ಹೋಗೋದು. ಇಡೀ ದಿನ ಲ್ಯಾಪ್‌ಟಾಪ್ ಡ್ರೈವರ್, ಮಾಡೆಮ್ ಸೆಟಿಂಗ್ ಎಲ್ಲ ಕೆದಕಿದೆ. ಸಂಜೆ ಪಕ್ಕದ ಮನೆಗೆ ಕೇಬಲ್ ರಿಪೇರಿಗೆ ಬಂದಿದ್ದ ಹುಡುಗನನ್ನು ಕರೆದು ತೋರಿಸಿದೆ. ಪ್ಲಗ್ ನೋಡಿದ ಕೂಡಲೇ ನಕ್ಕ. "ಅಣ್ಣ, ಹಸಿರಿನ ಮಧ್ಯ ನೀಲಿ ಕೂರ್ಬೇಕು."

ಸರಿಯಾದ ಕ್ರಮ ಇದು, ಟಿ568ಬಿ ಅಂತ ಇದರ ಹೆಸರು: ಬಿಳಿ-ಕೇಸರಿ, ಕೇಸರಿ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಯಂತ್ರದ ಪ್ರಕಾರ ಮೂರನೇ ಮತ್ತು ಆರನೇ ಪಿನ್ ಒಂದು ಜೋಡಿ. ನನ್ನ ಚೆಂದದ ಕ್ರಮದಲ್ಲಿ ಮೂರನೇದರಲ್ಲಿ ಬಿಳಿ-ಹಸಿರು, ಆರನೇದರಲ್ಲಿ ನೀಲಿ. ತಂತಿ ಈ ತುದಿಯಿಂದ ಆ ತುದಿಗೆ ಮುಟ್ಟಿತ್ತು, ಹಾಗಾಗಿ ಟೆಸ್ಟರಿಗೆ ಖುಷಿ. ಆದರೆ ಆ ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡಿರಲಿಲ್ಲ, ಗದ್ದಲ ಕಳೆಯೋ ಉಪಾಯವೇ ಕೆಟ್ಟಿತ್ತು. ಗ್ರಹಾಂ ಬೆಲ್ ಬಗ್ಗೆ ಹತ್ತು ಅಂಕಕ್ಕೆ ಬರೆದವನು ನಾನು, ಸರಿ ಮಾಡಿದವನು ಆ ಹುಡುಗ.

ಇನ್ನೆರಡು ಮಾತು. ಪ್ಲಗ್ ಹತ್ತಿರ ಹೆಣಿಗೆಯನ್ನು ಅರ್ಧ ಇಂಚಿಗಿಂತ ಜಾಸ್ತಿ ಬಿಚ್ಚಬೇಡಿ, ಹೊರಹೊದಿಕೆ ಪ್ಲಗ್ಗಿನೊಳಗೆ ಹೋಗಿ ಕಚ್ಚಿಕೊಂಡಿರಲಿ. ಮತ್ತೆ, ಗಿಗಾಬಿಟ್ ಬರಬೇಕಾದ ಕಡೆ ಸರಿಯಾಗಿ 100ಕ್ಕೇ ನಿಂತಿದ್ದರೆ ಮೊದಲು ಪ್ಲಗ್ಗನ್ನೇ ಅನುಮಾನಿಸಿ. 100ಕ್ಕೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಬೇಕು. ಒಂದು ತಂತಿ ಸರಿಯಾಗಿ ಕೂರದಿದ್ದರೆ ಯಂತ್ರಗಳು ತಾವೇ ಮಾತಾಡ್ಕೊಂಡು 100ಕ್ಕೆ ಇಳೀತವೆ. ಪ್ಲಗ್ ಸರಿ ಇದ್ದರೆ ಮಾಡೆಮ್ಮಿನ ಪೋರ್ಟ್ ನೋಡಿ. ಕೆಲವು ಮಾಡೆಮ್‌ಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಗಿಗಾಬಿಟ್ ಇರೋದು ಒಂದೇ.

ಆ ತುದಿಯಲ್ಲಿ

ಲ್ಯಾಪ್‌ಟಾಪ್ ಒಂದೇ ಇದ್ದರೆ ಕೇಬಲ್ ನೇರ ಚುಚ್ಚಿ, ಮುಗೀತು. ಲ್ಯಾಪ್‌ಟಾಪಲ್ಲಿ ಪೋರ್ಟ್ ಇಲ್ಲದಿದ್ದರೆ ಯುಎಸ್‌ಬಿ ಅಡಾಪ್ಟರ್ ಸಿಗುತ್ತೆ. ಎರಡು-ಮೂರು ಯಂತ್ರ ಇದ್ದರೆ ಐದು ಪೋರ್ಟಿನ ಸ್ವಿಚ್. ಅದಕ್ಕೆ ಯಾವ ಸೆಟಿಂಗೂ ಬೇಡ.

ಆ ಕೋಣೆಯಲ್ಲಿ ವೈಫೈ ಕೂಡ ಬೇಕು ಅಂದರೆ ಮನೆಯಲ್ಲಿ ಬಿದ್ದಿರೋ ಹಳೇ ರೌಟರ್ ಸಾಕು. ಆದರೆ ಹಾಗೇ ಚುಚ್ಚಿದರೆ ಗಲಾಟೆ ಆಗುತ್ತೆ. ಮನೆಗೆ ಒಬ್ಬರೇ ವಿಳಾಸ ಹಂಚೋರು ಇರಬೇಕು. ಹಳೇ ರೌಟರ್ ಕೂಡ ತಾನೇ ಯಜಮಾನ ಅಂತ ವಿಳಾಸ ಹಂಚೋಕೆ ಶುರು ಮಾಡುತ್ತೆ. ಎರಡಕ್ಕೂ ಹುಟ್ಟು ವಿಳಾಸ 192.168.1.1 ಆಗಿದ್ದರಂತೂ ಜಗಳ ಖಚಿತ. ರೌಟರಿನ ಸೆಟಿಂಗಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಡಿಎಚ್‌ಸಿಪಿ ಆಫ್ ಮಾಡಿ, ವಿಳಾಸವನ್ನು 192.168.1.2 ಥರ ಖಾಲಿ ಇರೋದಕ್ಕೆ ಬದಲಿಸಿ, ಕೇಬಲ್ಲನ್ನು ವ್ಯಾನ್ ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಚುಚ್ಚಿ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ ಇಟ್ಟರೆ ಫೋನು ತಾನೇ ಹತ್ತಿರದ್ದನ್ನು ಹಿಡಿಯುತ್ತೆ, ಕೆಲವೊಮ್ಮೆ ಹಟ ಹಿಡಿದು ದೂರದ್ದನ್ನೇ ಹಿಡ್ಕೊಂಡಿರುತ್ತೆ ಅನ್ನೋದು ಬೇರೆ ಮಾತು.

ಬಾಡಿಗೆ ಮನೆಯವರು ಇಷ್ಟೊತ್ತಿಗೆ ಓದೋದು ಬಿಟ್ಟಿರಬಹುದು. ನಾನೂ ಬೆಂಗಳೂರಲ್ಲಿ ಬಾಡಿಗೆಯವನೇ. ಗೋಡೆಗೆ ಮೊಳೆ ಹೊಡೆಯಬಾರದು ಅಂತ ಅಗ್ರಿಮೆಂಟಲ್ಲೇ ಇದೆ. ಫ್ಲ್ಯಾಟ್ ಆಗಿದ್ದರೆ ಮೊದಲು ಗೋಡೆಯಲ್ಲಿರುವ ಹಳೇ ಟೆಲಿಫೋನ್ ಸಾಕೆಟ್ ಬಿಚ್ಚಿ ನೋಡಿ. ಕೆಲವು ಬಿಲ್ಡರ್‌ಗಳು ಫೋನಿಗೂ ನಾಲ್ಕು ಜೋಡಿಯ ಕೇಬಲ್ಲೇ ಎಳೆದಿರ್ತಾರೆ, ಬಳಸಿರೋದು ಒಂದೇ ಜೋಡಿ. ಆ ಕೇಬಲ್ಲು ಸಾಕೆಟ್ಟಿಂದ ಸಾಕೆಟ್ಟಿಗೆ ಹಾರಿಕೊಂಡು ಹೋಗದೆ ಒಂದೇ ಡಬ್ಬಿಗೆ ಬಂದು ಸೇರುತ್ತಿದ್ದರೆ ನಿಮ್ಮ ಅದೃಷ್ಟ, ಎರಡು ತುದಿಗೆ ಹೊಸ ಸಾಕೆಟ್ ಹಾಕಿದರೆ ಸಾಕು. ಇಲ್ಲದಿದ್ದರೆ ನೆಲದಂಚಿನ ಟೈಲ್ಸ್ ಪಟ್ಟಿಯ ಮೇಲೆ ಅಂಟಿಸುವ ಕ್ಲಿಪ್ಪು, ಬಾಗಿಲ ಸಂದಿಯಲ್ಲಿ ಚಪ್ಪಟೆ ಕೇಬಲ್. ಅಂಟು ಗೋಡೆ ಬಣ್ಣದ ಮೇಲೆ ಬೇಡ, ಟೈಲ್ಸ್ ಮೇಲೆ ಮಾತ್ರ. ಬಿಡುವಾಗ ಪೇಂಟಿಂಗ್ ಹೆಸರಲ್ಲಿ ಅಡ್ವಾನ್ಸ್ ಮುರಿಯೋರಿಗೆ ಇನ್ನೊಂದು ನೆಪ ಯಾಕೆ?

ರಾತ್ರಿ ಹತ್ತು ಗಂಟೆ

ತಂಗಿ ಕೋಣೆಯಲ್ಲಿ 94 ಬಂತು. ಎರಡು ದಿನ ಇದ್ದು ಬೆಂಗಳೂರಿಗೆ ಹೊರಡಬೇಕು, ಹಿಂದಿನ ರಾತ್ರಿ ಅವಳ ಕೋಣೆಯಲ್ಲಿ ಕೂತು ನನ್ನ ಕಾಲಂ ಬರೀತಿದ್ದೆ. ಹತ್ತಕ್ಕೆ ಸರಿಯಾಗಿ ಇಂಟರ್ನೆಟ್ ಹೋಯ್ತು. ನಾನು ಪ್ಲಗ್ ಕಿತ್ತು ಹಾಕಿದೆ, ಟೆಸ್ಟರ್ ತೆಗೆದೆ. ಅವಳು ತಲೆ ಎತ್ತದೆ ಹೇಳಿದಳು: "ಅಪ್ಪ ಟಿವಿ ಆಫ್ ಮಾಡಿದ್ರು."

ಹಾಲಲ್ಲಿ ಟಿವಿ, ಸೆಟ್‌ಟಾಪ್ ಬಾಕ್ಸ್, ಮಾಡೆಮ್ ಮೂರೂ ಒಂದೇ ಎಕ್ಸ್‌ಟೆನ್ಶನ್ ಬಾಕ್ಸಿಗೆ ಚುಚ್ಚಿದ್ದವು. ಅಪ್ಪ ರಾತ್ರಿ ಸುದ್ದಿ ಮುಗಿಸಿ ಗೋಡೆಯ ಸ್ವಿಚ್ ಆರಿಸಿ ಮಲಗ್ತಾರೆ. ಮೂರು ವರ್ಷದಿಂದ ದಿನಾ ರಾತ್ರಿ ಹತ್ತಕ್ಕೆ ನಮ್ಮನೇಲಿ ಇಂಟರ್ನೆಟ್ ಬಂದ್. ತಂಗಿಗೆ ಅಡುಗೆಮನೆ ಕೆಲಸ ಮುಗಿದು ಓದೋಕೆ ಪುರುಸೊತ್ತು ಸಿಗೋದೇ ಹತ್ತರ ಮೇಲೆ. ಅಷ್ಟು ವರ್ಷ ಅವಳು ಫೋನಿನ ಡೇಟಾದಲ್ಲಿ, ಸಿಗ್ನಲ್ ಸಿಗುವ ಹಿತ್ತಲ ಬಾಗಿಲ ಹತ್ತಿರ ಕೂತು ಓದಿದ್ದಾಳೆ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಹೇಳಿದ್ರೆ, ಅಷ್ಟೊತ್ತಲ್ಲಿ ನಿಂಗೆ ಏನ್ ಕೆಲಸ ಅಂತ ಕೇಳ್ತಾರೆ."

2020ರ ಜನವರಿಯಲ್ಲಿ ಕಾಶ್ಮೀರದ ಇಂಟರ್ನೆಟ್ ನಿರ್ಬಂಧದ ಕುರಿತ ಅನುರಾಧಾ ಭಸಿನ್ ಪ್ರಕರಣದಲ್ಲಿ, ಇಂಟರ್ನೆಟ್ ಮೂಲಕ ಮಾತಾಡುವ, ವೃತ್ತಿ ನಡೆಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆ ಇದೆ ಅಂತ ಸುಪ್ರೀಂ ಕೋರ್ಟ್ ಹೇಳಿದಾಗ ನಾನೂ ಉದ್ದುದ್ದ ಬರೆದವನು. ಅದಕ್ಕೂ ಕೆಲವು ತಿಂಗಳ ಮುಂಚೆ, 2019ರ ಸೆಪ್ಟೆಂಬರಲ್ಲಿ, ಕೇರಳ ಹೈಕೋರ್ಟಿನ ಫಹೀಮಾ ಶಿರಿನ್ ಪ್ರಕರಣ ಬಂದಿತ್ತು. ಹುಡುಗಿಯರ ಹಾಸ್ಟೆಲ್‌ನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಫೋನ್ ಬಳಸಬಾರದು ಅನ್ನೋ ನಿಯಮ. ಒಪ್ಪದ ವಿದ್ಯಾರ್ಥಿನಿಯನ್ನು ಹಾಸ್ಟೆಲಿಂದ ಹೊರಗೆ ಹಾಕಿದ್ದರು. ಇಂಟರ್ನೆಟ್ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ, ಖಾಸಗಿತನದ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. ನಂಗೆ ಮೊದಲನೇದು ದೊಡ್ಡ ಕೇಸು ಅನ್ನಿಸಿತ್ತು, ಎರಡನೇದನ್ನು ಒಂದು ಸಾಲಲ್ಲಿ ಮುಗಿಸಿದ್ದೆ. ಈಗ ಮತ್ತೆ ಓದಿದೆ. ಅಪ್ಪ ಸರ್ಕಾರ ಅಲ್ಲ, ಹಾಸ್ಟೆಲ್ ವಾರ್ಡನ್ನೂ ಅಲ್ಲ; ಅವರು ನಿಷೇಧ ಹೇರಿರಲಿಲ್ಲ, ಆ ಸ್ವಿಚ್ಚಿಗೆ ಇನ್ನೊಂದು ತುದಿ ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಹತ್ತರ ಮೇಲೆ ಮಾತ್ರ ಫಲ ಒಂದೇ.

ಬೆಳಿಗ್ಗೆ ಅಪ್ಪನ ಜೊತೆ ಮಾತಾಡಿದೆ. ಅವರ ಆತಂಕ ಬೇರೆ: "ರಾತ್ರಿ ಎಲ್ಲ ಉರಿದ್ರೆ ಗೃಹಜ್ಯೋತಿ ಲಿಮಿಟ್ ದಾಟುತ್ತೆ ಕಣೋ." ತಪ್ಪಲ್ಲ. 200 ಯೂನಿಟ್ ಅಂತ ಹೇಳಿದರೂ ಉಚಿತ ಸಿಗೋದು ನಮ್ಮ ಹಿಂದಿನ ಸರಾಸರಿ ಬಳಕೆಯ ಮೇಲೆ ಶೇ. 10ರಷ್ಟು ಮಾತ್ರ. ಕೂತು ಲೆಕ್ಕ ಹಾಕಿದೆವು. ಅಡಾಪ್ಟರ್ ಮೇಲೆ 12 ವೋಲ್ಟ್, 1 ಆಂಪಿಯರ್ ಅಂತ ಇದೆ, ಅಂದರೆ ಪೂರ್ತಿ ಎಳೆದರೂ 12 ವ್ಯಾಟ್. ರಾತ್ರಿ 8 ಗಂಟೆ, ತಿಂಗಳಿಗೆ 30 ದಿನ: 3 ಯೂನಿಟ್ ಕೂಡ ಆಗಲ್ಲ. ಅಪ್ಪ ಪೇಪರಿನ ಮೂಲೆಯಲ್ಲಿ ತಾವೇ ಇನ್ನೊಂದು ಸಲ ಗುಣಿಸಿ ನೋಡಿದರು.

ಅಲ್ಲಿಗೆ ಪ್ಲಗ್ ಬದಲಿಸಿದ್ದರೆ ಸಾಕಿತ್ತು. ತಂಗಿ ಇನ್ನೊಂದು ಕೇಳಿದಳು: "ಮಾಡೆಮ್ಮೇ ಇಲ್ಲಿಗೆ ಬಂದ್ರೆ?"

ಯೋಚಿಸಿ ನೋಡಿದರೆ ಮೊದಲೇ ಮಾಡಬೇಕಿದ್ದದ್ದು ಅದೇ. ಫೈಬರ್ ಹಾಕೋಕೆ ಬಂದವರು "ಎಲ್ಲಿ ಹಾಕ್ಲಿ?" ಅಂತ ಕೇಳಿದ್ದಾಗ ಹಾಲಲ್ಲಿದ್ದ ನಾನು "ಟಿವಿ ಪಕ್ಕ ಹಾಕಿ" ಅಂದಿದ್ದೆ. ನೀವು ಹೊಸದಾಗಿ ಕನೆಕ್ಷನ್ ತಗೋತಿದ್ದರೆ ಈ ಬರಹದಲ್ಲಿ ಎಲ್ಲಕ್ಕಿಂತ ಅಗ್ಗದ ಸಲಹೆ ಇದು: ಆ ಪ್ರಶ್ನೆಗೆ ಉತ್ತರ ಕೊಡೋ ಮುಂಚೆ ಮನೇಲಿ ಎಲ್ಲರನ್ನೂ ಕೇಳಿ. ಯಾರ ಕೆಲಸಕ್ಕೆ ಇಂಟರ್ನೆಟ್ ಕಡಿಯಬಾರದೋ ಅವರ ಕೋಣೆಗೆ ಹಾಕಿಸಿ. ಆಮೇಲೆ ಬದಲಿಸೋದೂ ಸಾಧ್ಯ, ಕಂಪನಿಗೆ ಶಿಫ್ಟಿಂಗ್ ಅಂತ ಹೇಳಿದರೆ ಬಂದು ಮಾಡ್ತಾರೆ, ಕೆಲವರು ದುಡ್ಡು ತಗೋತಾರೆ. ಫೈಬರನ್ನು ನೀವೇ ಎಳೆಯೋಕೆ ಹೋಗಬೇಡಿ. ಅದು ಗಾಜು, ಮಡಚಿದರೆ ಬೆಳಕು ಸೋರುತ್ತೆ, ಮಾಡೆಮ್ ಮೇಲೆ ಕೆಂಪು ದೀಪ ಹತ್ತುತ್ತೆ.

ನಮ್ಮಲ್ಲಿ ಫೈಬರನ್ನು ಹೊರಗೋಡೆಯ ಮೇಲೆ ಸುತ್ತಿಸಿ ಹಿಂದಿನ ಕೋಣೆಗೆ ತಂದರು. ನಾನು ಎಳೆದ 22 ಮೀಟರ್ ಕೇಬಲ್ ವ್ಯರ್ಥ ಆಗಲಿಲ್ಲ. ಲ್ಯಾನ್ ಕೇಬಲ್‌ಗೆ ಹಿಂದೆ ಮುಂದೆ ಇಲ್ಲ. ಮೊದಲು ಹಾಲಿಂದ ತಂಗಿ ಕೋಣೆಗೆ ಹೋಗ್ತಿದ್ದದ್ದು ಈಗ ತಂಗಿ ಕೋಣೆಯಿಂದ ಹಾಲಿಗೆ ಬರ್ತಿದೆ. ಹಾಲಲ್ಲಿ ಹಳೇ ರೌಟರ್ ಇದೆ, ಅಪ್ಪನ ಫೋನಿಗೂ ಟಿವಿಗೂ ಅದು ಸಾಕು. ಕರೆಂಟ್ ಹೋದಾಗಲೂ ನಡೀಲಿ ಅಂತ ಮಾಡೆಮ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಹಾಕಿದ್ದೇವೆ. ಕೊಳ್ಳೋ ಮುಂಚೆ ಅಡಾಪ್ಟರ್ ಮೇಲಿನ ವೋಲ್ಟ್ ನೋಡಿ, ಕೆಲವು ಸ್ವಿಚ್‌ಗಳಿಗೆ 5 ವೋಲ್ಟ್ ಮಾತ್ರ, 12 ಕೊಟ್ಟರೆ ಸುಟ್ಟುಹೋಗ್ತವೆ.

ಹೋದ ತಿಂಗಳು ತಂಗಿ ಫೋನ್ ಮಾಡಿದ್ದಳು. ರಾತ್ರಿ ಹತ್ತೂಕಾಲಿಗೆ ಅಪ್ಪ ಅವಳ ಕೋಣೆಯ ಬಾಗಿಲು ತಟ್ಟಿದರಂತೆ. ಫೋನಲ್ಲಿ ಏನೋ ನೋಡ್ತಾ ಮಲಗಿದ್ದರು, ನಿಂತುಹೋಗಿತ್ತು.

"ಏನಮ್ಮ, ನೆಟ್ ಆಫ್ ಮಾಡಿದ್ಯಾ?"

"ಇಲ್ಲಪ್ಪ. ಹಾಲಲ್ಲಿ ಟಿವಿ ಸ್ವಿಚ್ ಆರಿಸಿದ್ದೀರಾ, ನೋಡಿ."